ಟಿವಿ ಮುಂದಿನ ಎರಡು ಮಣೆ

ನಮ್ಮ ಮನೆಯಲ್ಲಿ ಟಿವಿಯನ್ನು ಎಷ್ಟು ದೂರ ಕೂತು ನೋಡಬೇಕು ಅನ್ನುವುದನ್ನು ತೀರ್ಮಾನ ಮಾಡುತ್ತಿದ್ದುದು ರೇಷ್ಮೆ ಹುಳ. ಹುಳ ಚಿಕ್ಕದಿರುವಾಗ ನಡುಮನೆ ಪೂರ್ತಿ ನಮ್ಮದು. ಹಿಂದಿನ ಗೋಡೆಗೆ ಒರಗಿ ಕಾಲು ಚಾಚಿಕೊಂಡು ನೋಡಬಹುದಿತ್ತು. ಹುಳ ಕೊನೆಯ ಸಲ ಪೊರೆ ಬಿಟ್ಟು ಎದ್ದಿತು ಅಂದರೆ ಒಳಕೋಣೆ ಸಾಲದೆ ಸೊಪ್ಪಿನ ತಟ್ಟೆಗಳು ನಡುಮನೆಗೆ ಬರುತ್ತಿದ್ದವು. ಆಮೇಲೆ ಗೂಡು ಕಟ್ಟಿಸುವ ಚಂದ್ರಿಕೆಗಳು. ಬಿದಿರಿನ ಆ ದೊಡ್ಡ ಚೌಕಗಳು ಒಂದೊಂದಾಗಿ ಬಂದು ಗೋಡೆಗೆ ನಿಂತ ಹಾಗೆಲ್ಲ ನಾವು ಮೊಳ ಮೊಳ ಮುಂದಕ್ಕೆ ಸರಿಯುತ್ತಿದ್ದೆವು. ಕೊನೆಗೆ ಟಿವಿಗೂ ನಮಗೂ ನಡುವೆ ಒಂದು ತಟ್ಟೆ ಇಡುವಷ್ಟು ಜಾಗ ಉಳಿಯುತ್ತಿತ್ತು. ಅಲ್ಲೂ ಒಂದು ತಟ್ಟೆ ಇರುತ್ತಿತ್ತು.

ಹುಳಕ್ಕೆ ಜೋರು ಬೆಳಕು ಆಗಿಬರುವುದಿಲ್ಲ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟು, ಟ್ಯೂಬ್‌ಲೈಟ್ ಆರಿಸಿಬಿಡುತ್ತಿದ್ದರು. ಟಿವಿಯನ್ನು ಮಾತ್ರ ಆರಿಸುತ್ತಿರಲಿಲ್ಲ, ಏಕೆಂದರೆ ಅಪ್ಪನಿಗೆ ಅದು ಬೇಕಿತ್ತು. ಧಾರಾವಾಹಿ ನೋಡುವುದಕ್ಕಲ್ಲ. ಗೂಡು ಕಟ್ಟುವುದಕ್ಕೆ ತಯಾರಾದ ಹುಳವನ್ನು ಹಣ್ಣಾದ ಹುಳ ಅನ್ನುತ್ತೇವೆ. ಅದರ ಮೈ ತಿಳಿಯಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಜೇನಿನ ಬಣ್ಣ ಕಾಣುತ್ತದೆ. ಹಣ್ಣಾಗದ ಹುಳ ಬೆಳಕನ್ನು ಆಚೆ ಬಿಡುವುದಿಲ್ಲ. ಊರಿನ ಬೇರೆ ಮನೆಗಳಲ್ಲಿ ಅನುಮಾನ ಬಂದರೆ ತಟ್ಟೆ ಎತ್ತಿಕೊಂಡು ಬಾಗಿಲ ಹತ್ತಿರ ಹೋಗುತ್ತಿದ್ದರು. ನಮ್ಮಪ್ಪ ಎದ್ದು ಹೋಗುವ ಜಾತಿಯವರಲ್ಲ. ಟಿವಿ ಮುಂದೆ ಮಣೆ ಹಾಕಿಕೊಂಡು, ಮೂರು ಬೆರಳಲ್ಲಿ ಹುಳ ಎತ್ತಿ ಪರದೆಗೆ ಹಿಡಿದು ನೋಡುತ್ತಿದ್ದರು. ಆ ಹುಳದ ಮೈಯೊಳಗಿಂದ ಅಳುವ ಸೊಸೆಯರನ್ನೂ, ವಾರ್ತೆ ಓದುವವರನ್ನೂ ನಾನು ಎಷ್ಟು ಸಲ ನೋಡಿದ್ದೇನೋ.

ಮುಳಬಾಗಿಲು ಕಡೆಯ ಬಹಳ ಮನೆಗಳ ಹಾಗೆ ನಮ್ಮಲ್ಲೂ ಎರಡು ಭಾಷೆ. ಮಾತು ಕನ್ನಡ, ಹುಳಕ್ಕೂ ಜಗಳಕ್ಕೂ ತೆಲುಗು. ಹಣ್ಣಾಗಿದ್ದರೆ ಅಪ್ಪ "ಪಂಡಿಂದಿ" ಅನ್ನುತ್ತಿದ್ದರು. ಆಗಿಲ್ಲದಿದ್ದರೆ "ಇಂಕಾ ಲೇದು", ಇನ್ನೂ ಇಲ್ಲ. ಎಡಗಡೆ ಇನ್ನೊಂದು ಮಣೆಯ ಮೇಲೆ ಅಮ್ಮ. ಹಣ್ಣಾದದ್ದನ್ನು ಅವರ ಕೈಯಿಂದ ತೆಗೆದುಕೊಂಡು ಚಂದ್ರಿಕೆಗೆ ಬಿಡುವುದು ಅವಳ ಕೆಲಸ. ಮೊದಲೆಲ್ಲ ಅಮ್ಮನೂ ತಾನೇ ಹಿಡಿದು ನೋಡುತ್ತಿದ್ದಳು, ಅಪ್ಪನಿಗಿಂತ ಚುರುಕಾಗಿ. ಕೊನೆಯ ವರ್ಷಗಳಲ್ಲಿ ಅಪ್ಪನೊಬ್ಬರೇ ನೋಡುವುದು, ಒಂದೊಂದು ಹುಳಕ್ಕೂ ಜೋರಾಗಿ ಕೂಗಿ ಹೇಳುವುದು. ಪಂಡಿಂದಿ, ಪಂಡಿಂದಿ, ಇಂಕಾ ಲೇದು. ವಯಸ್ಸಾಗುತ್ತಾ ಬಾಯಿ ಜಾಸ್ತಿಯಾಯಿತು ಎಂದು ನಾನೂ ನನ್ನ ಗಂಡನೂ ನಗುತ್ತಿದ್ದೆವು. ನನ್ನ ಗಂಡ ಮನೆಯಳಿಯ, ಸಾಧು ಮನುಷ್ಯ. ಮಾವನ ಎದುರಿಗೆ ಮಾತ್ರ ನಗುತ್ತಿರಲಿಲ್ಲ.

ಅಪ್ಪ ಎದೆ ಹಿಡಿದಂತಾಗುತ್ತಿದೆ ಎಂದು ಕೋಲಾರದ ಆಸ್ಪತ್ರೆಗೆ ಹೋದರು. ತಾವೇ ನಡೆದುಕೊಂಡು ಹೋಗಿ ಬಸ್ಸು ಹತ್ತಿದ್ದರು. ವಾಪಸ್ಸು ತಂದದ್ದು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆ ಸುತ್ತಿ. ಆಮೇಲೆ ನಮ್ಮ ಮನೆಯಲ್ಲಿ ಹುಳ ಸಾಕಲಿಲ್ಲ. ಹಿಪ್ಪುನೇರಳೆ ಕಿತ್ತು ಟೊಮೇಟೊ ಹಾಕಿದೆವು. ಚಂದ್ರಿಕೆಗಳು ಕೋಳಿಗಳಿಗೆ ಬೇಲಿಯಾದವು. ಹಳೆಯ ಡಬ್ಬಾ ಟಿವಿ ಕೆಟ್ಟಾಗ ನನ್ನ ಗಂಡ ಅಗಲವಾದ ಹೊಸದೊಂದನ್ನು ತಂದು ಅದೇ ಮೇಜಿನ ಮೇಲೆ ಕೂರಿಸಿದ. ನಡುಮನೆ ಈಗ ಖಾಲಿ ಖಾಲಿ. ಹಿಂದಿನ ಗೋಡೆಗೆ ದಿವಾನ್ ಹಾಕಿಸಿದೆವು. ಆರಾಮಾಗಿ ದೂರ ಕೂತು ನೋಡಲಿ ಎಂದು.

ಅಮ್ಮ ದಿವಾನ್ ಮೇಲೆ ಕೂರಲಿಲ್ಲ. ಸಂಜೆ ದೇವರಿಗೆ ದೀಪ ಹಚ್ಚಿ ಬಂದವಳೇ ಟ್ಯೂಬ್‌ಲೈಟ್ ಆರಿಸಿ, ಟಿವಿ ಹಾಕಿ, ಕೈಗೆಟುಕುವಷ್ಟು ಹತ್ತಿರ ಮಣೆ ಹಾಕಿಕೊಂಡು ಕೂರುವಳು. ಬಲಗಡೆ ಇನ್ನೊಂದು ಮಣೆ ಹಾಕುವಳು, ಎಲೆಯಡಿಕೆ ಡಬ್ಬಿ ಇಡುವುದಕ್ಕಿರಬೇಕು ಅಂದುಕೊಂಡಿದ್ದೆ. ಇಷ್ಟಗಲದ ಪರದೆಯ ಮುಂದೆ ಹಾಗೆ ಕೂತರೆ ಒಬ್ಬರ ಮೂಗು ಕಂಡರೆ ಅವರದೇ ಕಿವಿ ಕಾಣುವುದಿಲ್ಲ. ಏಳುವ ಹೊತ್ತಿಗೆ ಕಣ್ಣು ಕೆಂಡದ ಹಾಗೆ ಕೆಂಪು, ಧಾರಾಕಾರ ನೀರು, ಹುಬ್ಬಿನ ಮೇಲೆ ನೋವು. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮಲಗುವಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಶ್ರೀನಿವಾಸಪುರದ ಶಾಲೆಯೊಂದರಲ್ಲಿ ಟೀಚರಮ್ಮನಾಗಿ ಇಡೀ ದಿನ ಮಕ್ಕಳಿಗೆ ಹಿಂದೆ ಕೂರು, ಮುಂದೆ ಕೂರು ಎಂದು ಹೇಳಿ ಬಂದವಳಿಗೆ ಮನೆಯಲ್ಲೂ ಅದೇ ಪಾಡು.

"ಅಮ್ಮಾ, ಹಿಂದೆ ಸರಿ. ಕಣ್ಣು ಹಾಳಾಗುತ್ತೆ."

"ಹುಳ ಇದ್ದಾಗ ಇಲ್ಲೇ ಅಲ್ವೇನೇ ಕೂರ್ತಿದ್ದಿದ್ದು? ಆಗ ಹಾಳಾಗ್ದಿದ್ದು ಈಗ ಹಾಳಾಗ್ತದಾ?"

"ಆಗ ಜಾಗ ಇರ್ಲಿಲ್ಲ. ಈಗ ಇಷ್ಟು ಬಿದ್ದಿದೆ."

"ಬಿದ್ದಿರ್ಲಿ ಬಿಡು. ನಿನ್ಗೇನು ಮಾಡ್ತು ಅದು?"

ಒಂದು ಭಾನುವಾರ ಶಾಲೆಯ ಸೀಮೆಸುಣ್ಣ ತಂದು ನೆಲದ ಮೇಲೆ ಗೆರೆಯನ್ನೇ ಎಳೆದುಬಿಟ್ಟೆ, ಇದನ್ನು ದಾಟಬಾರದು ಅಂತ. ಅಮ್ಮ ನನ್ನ ಎದುರಿಗೇ ಸೆರಗು ಒದ್ದೆ ಮಾಡಿಕೊಂಡು ಬಂದು ಒರೆಸಿದಳು. ಒರೆಸುವಾಗ ಗೆರೆ ಇದ್ದ ಕಡೆ ಬಿಟ್ಟು ಇಲ್ಲದ ಕಡೆ ಒರೆಸುತ್ತಿದ್ದಳು. ನನ್ನನ್ನು ಕೆಣಕುವುದಕ್ಕೇ ಹೀಗೆ ಮಾಡುತ್ತಿದ್ದಾಳೆ ಎಂದು ಮೈಯೆಲ್ಲ ಉರಿದುಹೋಯಿತು. ಹುಳ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ, ಕತ್ತಲಲ್ಲಿ ಟಿವಿಗೆ ಅಂಟಿಕೊಂಡು ಕೂತವರನ್ನು ಕಂಡರೆ ಹಳೆಯ ಅಭ್ಯಾಸ ಅನ್ನಿಸುತ್ತದೆಯೇ ಹೊರತು ಕಾಯಿಲೆ ಅನ್ನಿಸುವುದಿಲ್ಲ.

ಆಮೇಲೊಂದು ಸಂಜೆ ಬಸ್ಸಿಳಿದು ಬಂದಾಗ ಮನೆ ನಿಶ್ಶಬ್ದವಾಗಿತ್ತು. ಟಿವಿ ಉರಿಯುತ್ತಿತ್ತು, ಆದರೆ ದನಿ ಇರಲಿಲ್ಲ. ನೀಲಿ ಬೆಳಕು ಗೋಡೆಯ ಮೇಲೆ ಅತ್ತಿತ್ತ ಆಡುತ್ತಿತ್ತು. ಅಮ್ಮ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅವಳ ಕೈ ಮೇಲೆದ್ದಿತ್ತು, ಮೂರು ಬೆರಳು ಜೋಡಿಸಿ ಪರದೆಗೆ ಹಿಡಿದಿದ್ದಳು. ಬೆರಳುಗಳ ನಡುವೆ ಏನೂ ಇರಲಿಲ್ಲ.

"ಪಂಡಿಂದಾ?" ಎಂದು ಬಲಗಡೆಗೆ ತಿರುಗಿ ಕೇಳಿದಳು. ಹಣ್ಣಾಯ್ತಾ?

ಕೇಳಿ ಸುಮ್ಮನೆ ಕಾದಳು. ಉತ್ತರ ಬರುವಷ್ಟು ಹೊತ್ತು ಕಾದು, ತಲೆಯಾಡಿಸಿ, ಆ ಇಲ್ಲದ ಹುಳವನ್ನು ಮೆಲ್ಲಗೆ ಪಕ್ಕಕ್ಕೆ ಇಟ್ಟಳು. ಹೆದರಿಕೆಯಾಯಿತು ಅಂತ ನೇರವಾಗಿಯೇ ಹೇಳುತ್ತೇನೆ. ಸ್ವಂತ ಮನೆಯ ಹೊಸ್ತಿಲಲ್ಲಿ, ಹೆತ್ತ ತಾಯಿಯ ಬೆನ್ನು ನೋಡುತ್ತಾ ನನ್ನ ಕಾಲು ಒಳಗೆ ಬರಲಿಲ್ಲ. ಗೋಡೆಯ ಸ್ವಿಚ್ಚಿಗೆ ಕೈ ಚಾಚಿ ಟ್ಯೂಬ್‌ಲೈಟ್ ಹಾಕಿದೆ.

ಅಮ್ಮ ಬೆಚ್ಚಿ ಬಲಗಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು, ಆದರೆ ನಾನು ನಿಂತದ್ದಕ್ಕಿಂತ ಆಚೆ ಎಲ್ಲೋ.

"ಲೈಟ್ ಯಾಕಾಕ್ದೆ? ಎದ್ದೋದ್ರು ನೋಡು."

"ಯಾರಮ್ಮಾ?"

"ಇನ್ಯಾರು? ನಿಮ್ಮಪ್ಪ."

ನಾನು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಅವಳೇ ಹೇಳಿದಳು, ಪಕ್ಕದ ಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ. ಕತ್ತಲು ಮಾಡಿಕೊಂಡು ಟಿವಿ ಹತ್ತಿರ ಕೂತರೆ ಅಪ್ಪ ಬಂದು ಪಕ್ಕದ ಮಣೆಯ ಮೇಲೆ ಕೂರುತ್ತಾರೆ. ಬಿಳಿ ಬನಿಯನ್ನು, ಹೆಗಲ ಮೇಲೆ ಟವಲ್ಲು. ಮುಖ ಸರಿಯಾಗಿ ಕಾಣುವುದಿಲ್ಲ. ಮಾತಾಡುವುದಿಲ್ಲ. ಕೂತಿರುತ್ತಾರೆ ಅಷ್ಟೆ.

"ಮತ್ತೆ ದಿವಾನ್ ಮೇಲೆ ಕೂತ್ಕೊಂಡ್ರೆ?"

"ದೂರ ಕೂತ್ರೆ ಬರಲ್ಲ ಕಣೇ. ನೋಡ್ದೆ ನಾನು. ಲೈಟ್ ಇದ್ರೂ ಬರಲ್ಲ."

"ಮತ್ತೆ ಟಿವಿ ಕಾಣುತ್ತಾ ನಿನಗೆ?"

ನಾನು ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನ ಮುಂದೆ ಬೆರಳಾಡಿಸಿದೆ. ಎಷ್ಟು ಬೆರಳು ಅಂದೆ. ಅವಳು ಎರಡು ಅಂದಳು. ಆಗ ನಾನು ಮುಷ್ಟಿ ಕಟ್ಟಿದ್ದೆ.

ಆ ರಾತ್ರಿ ಊಟ ಯಾರಿಗೂ ಸೇರಲಿಲ್ಲ. ಮಾರನೆಯ ದಿನವೇ ಕೋಲಾರದ ಕಣ್ಣಿನ ಆಸ್ಪತ್ರೆಗೆ ಹೋಗೋಣ ಅಂದೆ. ಅಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೋಲಾರಕ್ಕೆ ಹೋಗಿ ಬಂದ ಅಪ್ಪನ ಕಥೆ ಅವಳಿಗೂ ನನಗೂ ಗೊತ್ತೇ ಇತ್ತು. ಅದಕ್ಕಿಂತ ದೊಡ್ಡ ಕಾರಣ ಬಾಯಿಬಿಟ್ಟು ಹೇಳಿದಳು. ಕಣ್ಣು ಸರಿಮಾಡಿಬಿಟ್ಟರೆ ಅವರು ಕಾಣುವುದಿಲ್ಲವಲ್ಲ ಅಂತ. ನಾನು ಕಿರುಚಾಡಿದೆ. ಇನ್ನೊಂದು ಕಣ್ಣೂ ಹೋದರೆ ಹಿತ್ತಲಿಗೆ ಹೋಗುವುದಕ್ಕೂ ಕೈ ಹಿಡಿದುಕೊಳ್ಳಬೇಕಾಗುತ್ತೆ, ಆಗ ಯಾವ ಅಪ್ಪ ಬರುತ್ತಾರೆ ನೋಡೋಣ ಎಂದೆಲ್ಲ. ಅವಳು ಗೋಡೆ ಕಡೆ ತಿರುಗಿ ಮಲಗಿಕೊಂಡಳು.

ಬೆಳಿಗ್ಗೆ ನನ್ನ ಗಂಡ ಕಾಫಿ ಲೋಟ ಅವಳ ಕೈಗೆ ಕೊಡುತ್ತಾ, "ಅತ್ತೆ, ಮಾವನ್ನೂ ಕರ್ಕೊಂಡೇ ಹೋಗೋಣ, ಏಳಿ" ಅಂದ. ತಮಾಷೆ ಮಾಡುತ್ತಿರಲಿಲ್ಲ, ಆ ಮನುಷ್ಯನಿಗೆ ತಮಾಷೆ ಬರುವುದಿಲ್ಲ. ಅಮ್ಮ ಕಾಫಿ ಕುಡಿದು ಮುಗಿಸಿ, ಎದ್ದು ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು.

ಬಸ್ಸಿನಲ್ಲಿ ಅಮ್ಮ ತನ್ನ ಬಲಗಡೆಯ ಸೀಟಿನ ಮೇಲೆ ಬ್ಯಾಗು ಇಟ್ಟಳು. ದೇವರಾಯಸಮುದ್ರದಲ್ಲಿ ಹತ್ತಿದ ಒಬ್ಬಾತ ಬ್ಯಾಗು ತೆಗೀರಿ, ಕೂರಬೇಕು ಅಂದ. ಸೀಟು ಖಾಲಿ ಇದೆ ಎಂದು ನಾನು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಜನ ಇದ್ದಾರೆ." ಆತ ಸೀಟನ್ನೂ ನನ್ನನ್ನೂ ನೋಡಿ, ಗೊಣಗಿಕೊಂಡು ಹಿಂದಕ್ಕೆ ಹೋದ. ಕೋಲಾರದವರೆಗೂ ಆ ಬ್ಯಾಗಿನ ಕಡೆ ನಾನು ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಅಮ್ಮನ ಮುಖ ಇರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು ಎಂದು ಕೈಗೆ ಕೊಟ್ಟರು. ಬಲಗಣ್ಣಿನ ಸರದಿಯಲ್ಲಿ ಅವಳು ಒತ್ತಲೇ ಇಲ್ಲ. ಅರ್ಥವಾಗಿಲ್ಲವೇನೋ ಎಂದು ಅಲ್ಲಿನ ಹುಡುಗಿ ಮತ್ತೆ ಮೊದಲಿಂದ ವಿವರಿಸಿದಳು. ಅಮ್ಮನಿಗೆ ಅರ್ಥವಾಗಿತ್ತು. ಎಡಗಣ್ಣಿಗೆ ಬಂದಾಗ ಟಕ್ ಟಕ್ ಎಂದು ಕೆಲವು ಸಲ ಒತ್ತಿದಳು, ನಡುವೆ ದೊಡ್ಡ ದೊಡ್ಡ ಮೌನ.

ಡಾಕ್ಟರು ನನ್ನ ಶಿಷ್ಯೆಯಷ್ಟೇ ವಯಸ್ಸಿನ ಹೆಣ್ಣುಮಗಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ನಡುವೆ ಸ್ವಲ್ಪ ಉಳಿದಿದೆ ಅಂದರು. ದಿನಾ ತಪ್ಪದೆ ಹನಿ ಹಾಕಿದರೆ ಆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ನಾನು ಟಿವಿಯ ವಿಷಯ ಎತ್ತಿದೆ, ಎಷ್ಟು ಹೇಳಿದರೂ ಕೇಳುವುದಿಲ್ಲ, ಹತ್ತಿರ ಕೂತು ಕೂತೇ ಹೀಗಾಯಿತು ಅಂದೆ.

"ಹಾಗೇನಿಲ್ಲ," ಅಂದರು. "ಹತ್ತಿರ ಕೂತ್ರೆ, ಅದರಲ್ಲೂ ಕತ್ತಲಲ್ಲಿ, ಕಣ್ಣಿಗೆ ಸುಸ್ತಾಗುತ್ತೆ. ಉರಿ, ನೀರು, ತಲೆನೋವು ಎಲ್ಲ ಅದರದ್ದೇ. ನರ ಹೋಗಿದ್ದು ಬೇರೆ ಕಾಯಿಲೆ. ಕಾಣದೆ ಇದ್ದಿದ್ದಕ್ಕೇ ಮುಂದೆ ಮುಂದೆ ಹೋಗಿದ್ದಾರೆ. ಎಷ್ಟು ದಿನದಿಂದ ಅಜ್ಜಿ?"

"ಇವರಪ್ಪ ಇದ್ದಾಗ್ಲಿಂದ್ಲೇ," ಅಂದಳು ಅಮ್ಮ. "ಅವರಿಗೆ ಗೊತ್ತಿತ್ತು. ಇವಳಿಗೆ ಹೇಳ್ಬೇಡ, ಕೆಲಸಕ್ಕೆ ಹೋಗೋಳು, ಗಾಬರಿ ಬೀಳ್ತಾಳೆ ಅಂದ್ರು. ಹುಳ ಅವರೇ ನೋಡಿ ಹೇಳೋರು. ನಾನು ಇಸ್ಕೊಂಡು ಬಿಡ್ತಿದ್ದೆ ಅಷ್ಟೇ."

ಪಂಡಿಂದಿ, ಪಂಡಿಂದಿ, ಇಂಕಾ ಲೇದು. ನಾವು ನಕ್ಕಿದ್ದ ಆ ಕೂಗು ಆಸ್ಪತ್ರೆಯ ಕೋಣೆಯಲ್ಲಿ ನನ್ನ ಕಿವಿಗೆ ಹಾಗೇ ಕೇಳಿಸಿತು. ಕುರುಡಿಯಾಗುತ್ತಿದ್ದ ಹೆಂಡತಿಯ ಕೈಯಲ್ಲಿ ಕೆಲಸ ಉಳಿಸುವುದಕ್ಕೆ ಅಪ್ಪ ಮನೆ ಕಿತ್ತುಹೋಗುವಂತೆ ಕೂಗುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಬ್ಬರೂ ಸೇರಿಕೊಂಡು, ಒಂದೇ ಸೂರಿನ ಕೆಳಗಿದ್ದ ನನ್ನನ್ನು ಹೊರಗಿನವಳನ್ನಾಗಿ ಮಾಡಿದ್ದರು. ಆಗಲೇ ಹೇಳಿದ್ದರೆ ಎರಡು ಕಣ್ಣೂ ಉಳಿಯುತ್ತಿದ್ದವೇನೋ. ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸುವುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬನಿಯನ್ನಿನ ಮನುಷ್ಯನ ವಿಷಯ ಹೇಳಿದ್ದು ನನ್ನ ಗಂಡ. ಡಾಕ್ಟರು ನಗಲಿಲ್ಲ. ಕಣ್ಣು ಏನೂ ಕಳಿಸದೆ ಇದ್ದಾಗ ಮೆದುಳು ತಾನೇ ಏನಾದರೂ ತೋರಿಸುತ್ತದೆ, ಮಬ್ಬುಬೆಳಕಿನಲ್ಲಿ ಜಾಸ್ತಿ, ಇದು ಹುಚ್ಚಲ್ಲ, ಬಹಳ ಜನಕ್ಕೆ ಆಗುತ್ತದೆ ಅಂದರು. ದೂರ ಕೂತು, ದೀಪ ಹಾಕಿಕೊಂಡು ನೋಡಿದರೆ ಕಣ್ಣಿನ ಸುಸ್ತೂ ಹೋಗುತ್ತದೆ, ಅದೂ ಹೋಗುತ್ತದೆ.

"ಹೋಗಿರೋ ಕಣ್ಣು ವಾಪಸ್ ಬರಲ್ವಾ?" ಎಂದಳು ಅಮ್ಮ.

"ಇಲ್ಲ ಅಜ್ಜಿ. ಅದು ಬರಲ್ಲ."

ಅಮ್ಮನ ಮುಖ ಸಡಿಲವಾಯಿತು. ಡಾಕ್ಟರು ಅದನ್ನು ಧೈರ್ಯ ಅಂದುಕೊಂಡರು. ನಾನು ಪಕ್ಕಕ್ಕೆ ತಿರುಗಿಕೊಂಡೆ.

ಆಮೇಲಿನ ದಿನಗಳಲ್ಲಿ ಅಮ್ಮ ಹೇಳಿದ ಮಾತು ಕೇಳಿದಳು. ಅವಳ ಜನ್ಮದಲ್ಲೇ ಅಷ್ಟು ವಿಧೇಯಳಾಗಿ ಇದ್ದದ್ದಿಲ್ಲ. ಹನಿ ಹಾಕುವಾಗ ಮುಖ ಎತ್ತಿ ಕೊಡುವಳು. ಟ್ಯೂಬ್‌ಲೈಟ್ ಹಾಕಿದರೆ ಆರಿಸುತ್ತಿರಲಿಲ್ಲ. ದಿವಾನ್ ಮೇಲೆ ದಿಂಬಿಗೆ ಒರಗಿ, ಅಷ್ಟು ದೂರದ ಟಿವಿಯ ಕಡೆ ಮುಖ ಮಾಡಿ ಕೂರುವಳು. ಮಣೆ ಎರಡೂ ಅಡುಗೆಮನೆಯ ಗೋಡೆಗೆ ಒರಗಿದವು. ಕಣ್ಣಿನ ಕೆಂಪು ಹೋಯಿತು, ನೀರು ನಿಂತಿತು, ಹಣೆಗೆ ಬಟ್ಟೆ ಕಟ್ಟುವುದು ತಪ್ಪಿತು. ನಾನು ಗೆದ್ದೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಆದರೆ ಅಮ್ಮ ತಾನಾಗಿ ಮಾತಾಡುವುದನ್ನು ಬಿಟ್ಟಿದ್ದಳು. ಕೇಳಿದರೆ ಹೂಂ, ಉಹೂಂ. ಮುದ್ದೆ ಅರ್ಧಕ್ಕೆ ಬಿಡುವಳು. ಸಂಜೆ ಕೂತಾಗ ಬಲಗೈಯನ್ನು ದಿವಾನ್ ಮೇಲೆ ಅಂಗಾತ ಚಾಚಿರುವಳು, ಯಾರೋ ಏನೋ ಕೊಡಬೇಕು ಅನ್ನುವಂತೆ. ಜಾಹೀರಾತು ಬಂದಾಗ, ನಾನು ನೋಡುತ್ತಿಲ್ಲ ಅಂದುಕೊಂಡು, ಆ ಕೈಯನ್ನು ಅತ್ತಿತ್ತ ಸರಿಸಿ ಹಾಸಿಗೆ ತಡವುವಳು. "ಮನೇಲಿ ಇಬ್ರು ಕಡಿಮೆ ಆದಂಗಿದೆ," ಅಂದ ನನ್ನ ಗಂಡ. ಅವನ ಮೇಲೂ ರೇಗಿದೆ. ರೇಗಿದರೂ ಅದು ನಿಜವಾಗಿತ್ತು. ನಡುಮನೆಯಲ್ಲಿ ಅಷ್ಟು ಬೆಳಕಿಟ್ಟುಕೊಂಡು ಕೂತರೆ, ಅಪ್ಪನನ್ನು ಎರಡನೇ ಸಲ ಮನೆಯಿಂದ ಕಳಿಸಿದವಳು ನಾನೇ ಅನ್ನಿಸುತ್ತಿತ್ತು.

ಮತ್ತೆ ಪರೀಕ್ಷೆಗೆ ಹೋದಾಗ ಒತ್ತಡ ಇಳಿದಿತ್ತು. ಎಡಗಣ್ಣು ನಿಂತಿದೆ, ಹನಿ ಮಾತ್ರ ಬಿಡಬೇಡಿ ಅಂದರು ಡಾಕ್ಟರು. ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ವಾಪಸ್ಸು ಹೋದೆ.

"ಒಂದು ಮಾತು ಕೇಳ್ಬೇಕಿತ್ತು ಮೇಡಂ. ಟಿವಿ ಹತ್ತಿರ ಕೂತ್ರೆ ಉಳಿದಿರೋ ಕಣ್ಣು ಕೆಡುತ್ತಾ?"

"ಕೆಡಲ್ಲ. ಅವತ್ತೇ ಹೇಳಿದ್ನಲ್ಲ, ಸುಸ್ತಾಗುತ್ತೆ ಅಷ್ಟೇ."

"ಕತ್ತಲಲ್ಲಿ?"

ಅವರು ನನ್ನ ಮುಖ ನೋಡಿದರು. "ಇನ್ನೂ ಸುಸ್ತಾಗುತ್ತೆ. ಹಿಂದೆ ಎಲ್ಲಾದ್ರೂ ಒಂದು ಸಣ್ಣ ದೀಪ ಇರ್ಲಿ. ನಡುನಡುವೆ ಕಣ್ಣು ಮುಚ್ಚಿಸಿ."

ಆ ಸಂಜೆ ಅಮ್ಮ ದೇವರಿಗೆ ದೀಪ ಹಚ್ಚಿ ಬರುವ ಹೊತ್ತಿಗೆ ನಾನು ಟಿವಿ ಹಾಕಿದೆ. ಅಡುಗೆಮನೆಯಿಂದ ಎರಡು ಮಣೆ ತಂದು, ಹುಳ ಹಣ್ಣಾದ ಕಾಲದಲ್ಲಿ ಎಲ್ಲಿ ಇರುತ್ತಿದ್ದವೋ ಅಲ್ಲೇ ಹಾಕಿದೆ. ಸುಸ್ತಾದರೆ ಆಗಲಿ, ಹಣೆಗೆ ಬಟ್ಟೆ ನಾನೇ ಕಟ್ಟುತ್ತೇನೆ ಅಂದುಕೊಂಡೆ. ಟ್ಯೂಬ್‌ಲೈಟ್ ಆರಿಸಿದೆ. ದೇವರ ಕೋಣೆಯ ದೀಪದ ಬೆಳಕು ಬಾಗಿಲಿಂದ ಸ್ವಲ್ಪ ಬರುತ್ತಿತ್ತು, ಡಾಕ್ಟರು ಹೇಳಿದ ಸಣ್ಣ ದೀಪಕ್ಕೆ ಅದು ಸಾಕು. ಸ್ವಿಚ್ಚಿನ ಸದ್ದಿಗೆ ಅಮ್ಮ ಹೊಸ್ತಿಲಲ್ಲೇ ನಿಂತಳು. ಗೋಡೆ ಹಿಡಿದುಕೊಂಡು ಬಂದು, ಕಾಲಿನಿಂದ ಮಣೆ ತಡವಿ, ಎಡಗಡೆಯದರ ಮೇಲೆ ಕೂತಳು.

ನಾನು ಹಿಂದೆ ನೆಲದ ಮೇಲೆ ಕೂತೆ. ಖಾಲಿ ಮಣೆಯ ಮೇಲೆ ನೀಲಿ ಬೆಳಕು ಬೀಳುತ್ತಿತ್ತು, ಹೋಗುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ನನಗೂ ಒಂದು ಸಲ ಕಾಣಲಿ ಎಂದು ಆಸೆಯಾಯಿತು. ಸಿಟ್ಟು ಇಳಿಸುವುದಕ್ಕಾದರೂ ಕಾಣಲಿ. ಸರಿದು ಸರಿದು ಅಮ್ಮನ ಬಲಗಡೆ, ಆ ಮಣೆಯ ಮುಂದಕ್ಕೇ ಹೋಗಿ, ಪರದೆಯನ್ನು ರೆಪ್ಪೆ ಮಿಟುಕಿಸದೆ ನೋಡಿದೆ. ಕಣ್ಣು ಉರಿದು ನೀರು ಬಂತು. ನೀರಿನಲ್ಲಿ ಬಣ್ಣಗಳು ಕಲಸಿಹೋದವು. ಬೇರೇನೂ ಕಾಣಲಿಲ್ಲ.

ಹಿಂದಿನಿಂದ ಅಮ್ಮ ಬೆರಳಿನಿಂದ ನನ್ನ ಭುಜ ತಿವಿದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಹಳೆಯ ಗದರಿಕೆ ಇತ್ತು.

"ಲೇ, ಆ ಕಡೆ ಸರ್ಕೋ. ನಿಮ್ಮಪ್ಪನಿಗೆ ಅಡ್ಡ ಕೂತಿದ್ದೀಯ."

ನಾನು ಸರಿದು ಕೂತೆ.